ತುಂಬಿಸಬಾರದ ಪೀಪಾಯಿ

ಹಳದಿ ವೈನಿನ ಪೀಪಾಯಿ ತುಂಬಿಸಬಾರದು. ನಮ್ಮೂರಲ್ಲಿ ಇದು ಮೊಲೆಹಾಲು ಕುಡಿಯೋ ಕೂಸಿಗೂ ಗೊತ್ತು. ಮಿಕ್ಕ ಬಿಳಿ ವೈನೆಲ್ಲ ಆರೈಕೆ ಕೇಳುತ್ತದೆ. ಮರ ಕುಡಿದಷ್ಟನ್ನು ಆಗಾಗ ಹೂಜಿಯಲ್ಲಿ ಸುರಿದು ಪೀಪಾಯಿಯನ್ನು ಬಾಯಿವರೆಗೂ ತುಂಬಿಡಬೇಕು, ಇಲ್ಲದಿದ್ದರೆ ಗಾಳಿ ಸೇರಿ ಕೆಡುತ್ತದೆ. ಸವಾನ್ಯಾಂ ದ್ರಾಕ್ಷಿಯದು ಹಾಗಲ್ಲ. ಅದನ್ನು ಪೀಪಾಯಿಗೆ ಹಾಕಿ, ಬಿರಡೆ ಜಡಿದು, ಅಟ್ಟದ ಮೇಲಿಟ್ಟು ಸುಮ್ಮನಿದ್ದುಬಿಡಬೇಕು. ಮರ ಕುಡಿಯಲಿ, ಮಟ್ಟ ಇಳಿಯಲಿ. ಆಗ ವೈನಿನ ಮೇಲೆ ಹಾಲಿನ ಕೆನೆಯ ಹಾಗೆ ಒಂದು ಪದರ ಕಟ್ಟುತ್ತದೆ. ಆ ಕೆನೆಯ ಕೆಳಗೆ ಆರು ವರ್ಷದ ಮೇಲೆ ಮಲಗಿ ಎದ್ದರೆ ಅದು ಅಕ್ರೋಟಿನ ವಾಸನೆಯ ಹಳದಿ ವೈನು. ನಡುವೆ ಯಾರಾದರೂ ಒಂದು ಹೂಜಿ ಸುರಿದು ಕೆನೆ ಒಡೆದರೋ, ಅಷ್ಟೂ ವರ್ಷ ಕಾದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅದು ನಮ್ಮ ಮನೆಯಲ್ಲೇ ಆಯಿತು.

ನಾನು ಸೊಲಾಂಜ್. ಮನೆಯ ಯಜಮಾನಿ ಗಿಲೇನ್ ನನ್ನ ಒಡಹುಟ್ಟಿದ ಅಕ್ಕ. ನನ್ನ ಗಂಡ ಹೋದ ಮೇಲೆ ಎರಡು ಪೆಟ್ಟಿಗೆ ಹಿಡಿದು ಇಲ್ಲಿಗೆ ಬಂದವಳು ನಾನು. ಒಲೆ ನನ್ನದು, ಬಾಯಿ ನನ್ನದು, ಮಿಕ್ಕಿದ್ದೆಲ್ಲ ಅಕ್ಕನದು. ಭಾವ ಆನ್ಸೆಲ್ಮ್ ಅಂದರೆ ನಮ್ಮ ಝೂರಾ ಸೀಮೆಯಲ್ಲೇ ಹೆಸರು. ಅವರು ವೈನಿಗೆ ಮೂಗಿಟ್ಟು ‘ಹೂಂ’ ಅಂದರೆ ವ್ಯಾಪಾರಿಗಳು ರುಚಿ ನೋಡದೆಯೇ ಕೊಳ್ಳುತ್ತಿದ್ದರು. ಅವರಿಗೆ ಒಬ್ಬನೇ ಮಗ, ಸಿರಿಲ್. ಅವನ ಹೆಂಡತಿ ದೆಲ್ಫೀನ್, ಮಾಕೋನ್ ಕಡೆಯವಳು. ಅವರ ಮಗಳು ಮಾರ್ಗೋ ದ್ರಾಕ್ಷಿ ಬೇಸಾಯ ಓದುತ್ತಾ ಶನಿವಾರ ಮನೆಗೆ ಬರುತ್ತಿದ್ದಳು.

ನವೆಂಬರಿನ ಒಂದು ಮಧ್ಯಾಹ್ನ. ಆಲೂಗಡ್ಡೆ ಬೇಯಿಸಿ, ಹೊಗೆ ಹಾಕಿದ ದಪ್ಪ ಸಾಸೇಜು ಹೆಚ್ಚಿ ಬಡಿಸಿದ್ದೆ. ಸಿರಿಲ್ ಪರೀಕ್ಷೆಗೆ ಕಳಿಸಲು ಪುಟ್ಟ ಪುಟ್ಟ ಸೀಸೆಗಳಲ್ಲಿ ವೈನು ತರುತ್ತೇನೆಂದು ಅಟ್ಟಕ್ಕೆ ಹೋದವನು ಬರಲೇ ಇಲ್ಲ. ಬಂದಾಗ ಮುಖ ಬಿಳಿಚಿಹೋಗಿತ್ತು.

“ಅಟ್ಟದ ಬೀಗದ ಕೈ ಯಾರು ತಗೊಂಡಿದ್ರಿ?”

“ಗಡಿಯಾರದ ಹಿಂದೆ ನೇತಾಡ್ತಾ ಇರತ್ತಲ್ಲೋ, ಬೇಕಾದೋರು ತಗೋತಾರೆ,” ಅಂದೆ. “ಕೂತ್ಕೋ, ಆರ್ತಾ ಇದೆ.”

“ಪೀಪಾಯಿ ತುಂಬಿಸಿದಾರೆ ಚಿಕ್ಕಮ್ಮ. ತಟ್ಟಿದ್ರೆ ಟೊಳ್ಳು ಸದ್ದೇ ಬರ್ತಿಲ್ಲ. ಬಿರಡೆ ತೆಗೆದ್ರೆ ಕೆನೆ ಬಿರಡೆಗೇ ಅಂಟ್ಕೊಂಡು ಬಂತು.”

ಭಾವ ಫೋರ್ಕು ಕೆಳಗಿಟ್ಟರು.

“ಯಾವುದೋ?” ಅಂದರು ಭಾವ.

“ಹಿಮದ ವರ್ಷದ್ದಪ್ಪಾ. ಒಂದು ಸಾಲು ಪೂರ್ತಿ. ನೆಲಮಾಳಿಗೇಲಿ ಶಾರ್ದೊನೆ ಬಿಳಿ ವೈನು ಯಾಕೆ ಕಮ್ಮಿ ಬರ್ತಿದೆ ಅಂತ ಎರಡು ತಿಂಗಳಿಂದ ತಲೆ ಕೆರ್ಕೋತಾ ಇದ್ದೆ. ಅದನ್ನೇ ತಂದು ಸುರಿದಿದಾರೆ.”

ಭಾವ ಮೇಜು ಗುದ್ದಿದರು. “ಯಾವ ಮುಂಡೇಮಗ ಮಾಡಿದ್ದು? ಅವನ ಕೈ ಮುರಿದುಹಾಕ್ತೀನಿ!”

ನಟನೆ ಅಲ್ಲ ಅದು. ಕತ್ತಿನ ನರ ಉಬ್ಬಿತ್ತು. ನಾನು ಕಣ್ಣಾರೆ ಕಂಡವಳು.

ಅಕ್ಕ ಮಾತ್ರ ತಟ್ಟೆ ನೋಡುತ್ತಾ ನಿಧಾನವಾಗಿ ಹೇಳಿದಳು, “ಈ ಊರಲ್ಲಿ ಹುಟ್ಟಿದೋರು ಯಾರೂ ಮಾಡೋ ಕೆಲ್ಸ ಅಲ್ಲ ಇದು.”

ದೆಲ್ಫೀನ್ ತಲೆ ಎತ್ತಿದಳು. “ಅಂದ್ರೆ ಅತ್ತೆ?”

“ಅಂದ್ರೆ ಏನಿಲ್ಲಮ್ಮ. ನಿಮ್ಮ ಕಡೆ ಎಲ್ಲಾ ಪೀಪಾಯಿನೂ ತುಂಬಿಸ್ತಾರಲ್ಲ, ಅದು ನೆನಪಾಯ್ತು.”

ಇದಕ್ಕೊಂದು ಹಳೇ ಕಥೆ ಇದೆ. ದೆಲ್ಫೀನ್ ಮದುವೆಯಾಗಿ ಬಂದ ಹೊಸದರಲ್ಲಿ, ಮನೆಗೆಲಸಕ್ಕೆ ಕೈಜೋಡಿಸೋಣ ಅಂತ ಹೂಜಿ ಹಿಡಿದು ಅಟ್ಟ ಹತ್ತಿದ್ದಳು. ಭಾವ ಓಡಿಹೋಗಿ ಅವಳ ಮಣಿಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಆಮೇಲೆ ಪ್ರತಿ ಮದುವೆಯಲ್ಲಿ, ಪ್ರತಿ ಹಬ್ಬದಲ್ಲಿ ಅದೇ ಕಥೆ. ಅವಳೂ ನಗುತ್ತಿದ್ದಳು. ಇಪ್ಪತ್ತು ವರ್ಷ ನಕ್ಕಿದ್ದೇ ಆಯಿತು. ಆ ನಗುವೇ ಒಂದು ದಿನ ಹಗ್ಗವಾಗಿ ಕುತ್ತಿಗೆಗೆ ಬೀಳುತ್ತದೆ ಅಂತ ಯಾರಿಗೆ ಗೊತ್ತಿತ್ತು?

“ನಾನು ಮುಟ್ಟಿಲ್ಲ,” ಅಂದಳು ದೆಲ್ಫೀನ್. “ಸಿರಿಲ್, ನಾನು ಮುಟ್ಟಿಲ್ಲ ಕಣೋ.”

ಸಿರಿಲ್ ಕೂಡಲೇ ‘ಗೊತ್ತು’ ಅನ್ನಬಹುದಿತ್ತು. ಅನ್ನಲಿಲ್ಲ. ನೀರು ಕುಡಿದ.

ಆ ಹಿಮದ ವರ್ಷ ಅಂದರೆ ಏನು ಅಂತ ಹೇಳಬೇಕು. ಚಿಗುರು ಬರೋ ಹೊತ್ತಿಗೆ ಹಿಮ ಕೊರೆದು ಇಡೀ ಕಣಿವೆಯ ಬಳ್ಳಿ ಕರಕಲಾಗಿತ್ತು. ನಮ್ಮ ಮೇಲಿನ ತೋಟ ಉಳಿದದ್ದು ದೆಲ್ಫೀನ್‌ಳಿಂದ. ಸಿರಿಲ್ ಸೊಂಟ ಹಿಡಿದು ಮಲಗಿದ್ದ. ಇವಳೊಬ್ಬಳೇ ಸಾಲಿನಿಂದ ಸಾಲಿಗೆ ಒದ್ದೆ ಹುಲ್ಲು ಹೊತ್ತು, ಸುಟ್ಟು, ಹೊಗೆ ಹಾಕಿದಳು. ಆ ಕೆಮ್ಮು ಇವತ್ತಿಗೂ ಅವಳನ್ನು ಬಿಟ್ಟಿಲ್ಲ. ತಾನೇ ಉಳಿಸಿದ ಫಸಲನ್ನು ತಾನೇ ಕೆಡಿಸುತ್ತಾಳಾ? ಮನುಷ್ಯರಿಗೆ ಸ್ವಲ್ಪ ಬುದ್ಧಿ ಬೇಡವೇ?

ಆದರೆ ಅಕ್ಕನ ಮಾತು ಒಮ್ಮೆ ಬಿದ್ದರೆ ಬಿತ್ತು. ಅವತ್ತೇ ಬೀಗದ ಕೈ ಗಡಿಯಾರದ ಹಿಂದಿನಿಂದ ಅಕ್ಕನ ಏಪ್ರನ್ ಜೇಬಿಗೆ ಹೋಯಿತು. ವಾರ ಕಳೆಯುವುದರೊಳಗೆ ಊರಿಗೆಲ್ಲ ಸುದ್ದಿ. ದೆಲ್ಫೀನ್ ಬ್ರೆಡ್ಡು ತರಲು ಹೋದರೆ ಬೇಕರಿಯ ಯಜಮಾನಿ ಜಿನೆತ್ ಎಲ್ಲರ ಮುಂದೆ, “ಚೀಲ ತುಂಬಿಸ್ಲಾ ಮೇಡಂ, ಇಲ್ಲಾ ನಿಮಗೇ ತುಂಬಿಸಿ ಅಭ್ಯಾಸವಾ?” ಅಂದಳಂತೆ. ಸಾಲಲ್ಲಿ ನಿಂತವರೆಲ್ಲ ನಕ್ಕರಂತೆ. ದೆಲ್ಫೀನ್ ಬಂದು ಬ್ರೆಡ್ಡನ್ನು ಮೇಜಿನ ಮೇಲೆ ಎಸೆದು, “ಇನ್ನು ಬ್ರೆಡ್ಡಿಗೆ ನಾನು ಹೋಗಲ್ಲ ಚಿಕ್ಕತ್ತೆ. ತಿನ್ನೋರು ಹೋಗಿ ತಂದ್ಕೊಳ್ಳಲಿ,” ಅಂದಳು.

ಬಳ್ಳಿ ಸವರೋ ಕಾಲ ಬಂತು. ಬೇರೆ ವರ್ಷ ಗಂಡ ಹೆಂಡತಿ ಒಂದೇ ಸಾಲಿನ ಎರಡು ಬದಿ ಹಿಡಿದು, ಜಗಳವಾಡುತ್ತಾ ನಗುತ್ತಾ ಹೋಗುತ್ತಿದ್ದರು. ಈ ಸಲ ಅವನು ಮೇಲಿನ ತೋಟ, ಅವಳು ಕೆಳಗಿನ ತೋಟ. ನಾನು ಎರಡು ಡಬ್ಬಿಯಲ್ಲಿ ಬೇಳೆ ಸೂಪು ಕಟ್ಟಿಕೊಡಬೇಕಾಯಿತು. ಅವಳ ಡಬ್ಬಿ ಅರ್ಧ ಹಾಗೇ ವಾಪಸ್ಸು ಬರುತ್ತಿತ್ತು.

ಶನಿವಾರ ಬಂದ ಮಾರ್ಗೋ ಚೀಲ ಕೆಳಗಿಡುವ ಮುಂಚೆಯೇ ಜಗಳಕ್ಕೆ ನಿಂತಳು.

“ಅಜ್ಜಿ, ಊರೆಲ್ಲ ಏನು ಮಾತಾಡ್ತಿದೆ? ಅಮ್ಮ ಯಾಕೆ ಮಾಡ್ತಾಳೆ ಅದನ್ನ?”

“ಬೇಕಂತ ಮಾಡಿದ್ಲು ಅಂತ ಯಾರಂದ್ರು? ಅಭ್ಯಾಸ ಕಣೇ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ.”

“ಇಪ್ಪತ್ತು ವರ್ಷ ಇಲ್ದೇ ಇದ್ದ ಅಭ್ಯಾಸ ಈಗ ಎಲ್ಲಿಂದ ಬಂತು?”

“ನಿನಗೆ ಓದಿಸಿದ್ದು ನನಗೆ ಪಾಠ ಹೇಳೋಕಲ್ಲ. ಸೂಪು ಕುಡಿ.”

“ಅಪ್ಪಾ, ನೀನಾದ್ರೂ ಮಾತಾಡು!”

ಸಿರಿಲ್ ಚೀಸು ಕೊಯ್ಯುತ್ತಿದ್ದ. “ಯಾರೋ ಒಬ್ರು ಮಾಡಿರಲೇಬೇಕಲ್ಲ ಮಾರ್ಗೋ. ನಾನಂತೂ ಮಾಡಿಲ್ಲ. ಚಿಕ್ಕಮ್ಮಂಗೆ ಮಂಡಿ ನೋವು, ಅಟ್ಟ ಹತ್ತಲ್ಲ. ಮತ್ತೆ?”

“ಅಜ್ಜ ಇದಾರೆ, ಅಜ್ಜಿ ಇದಾರೆ!”

“ಅಜ್ಜನಾ?” ಸಿರಿಲ್ ನಕ್ಕುಬಿಟ್ಟ. ಭಾವನೂ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ಎದ್ದು ಹೋಗಿ ಭಾವನ ಕೊರಳಿಗೆ ಕರವಸ್ತ್ರ ಸಿಕ್ಕಿಸಿದಳು.

ಅವತ್ತಿನಿಂದ ನಾನು ನೋಡತೊಡಗಿದೆ. ಅಕ್ಕ ಭಾವನನ್ನು ನೆರಳಿನ ಹಾಗೆ ಹಿಂಬಾಲಿಸುತ್ತಿದ್ದಳು. ಅವರ ಅಂಗಿಯ ಗುಂಡಿ ತಾನೇ ಹಾಕುತ್ತಿದ್ದಳು. ಅವರು ಮಾತು ಶುರುಮಾಡಿ ನಿಲ್ಲಿಸಿದರೆ ಮಿಕ್ಕಿದ್ದನ್ನು ಇವಳು ಮುಗಿಸುತ್ತಿದ್ದಳು. ಒಂದು ದಿನ ಭಾವನ ಟೋಪಿ ಬ್ರೆಡ್ಡಿನ ಡ್ರಾಯರಿನಲ್ಲಿ ಸಿಕ್ಕಿತು. “ತಮಾಷೆ ಮಾಡ್ತಾರೆ ಮಹಾರಾಯರು,” ಅಂದಳು ಅಕ್ಕ. ಊಟ ಮಾಡಿ ಎದ್ದವರು ಮತ್ತೆ ಬಂದು ಕೂತು, “ಏನು ಸೊಲಾಂಜ್, ಇವತ್ತು ಊಟ ಇಲ್ವಾ?” ಅಂದರು. ಅಕ್ಕ ನನ್ನ ಕಡೆ ಕಣ್ಣು ಬಿಟ್ಟಳು. ನಾನು ತೆಪ್ಪಗೆ ಇನ್ನೊಂದು ಸೌಟು ಹಾಕಿದೆ. ಕ್ರಿಸ್‌ಮಸ್ ಊಟದಲ್ಲಿ ಅವರು ಮಾರ್ಗೋಳನ್ನು ಎಂದೋ ಸತ್ತುಹೋದ ತಂಗಿಯ ಹೆಸರಿನಿಂದ ಕರೆದಾಗ ಹುಡುಗಿ ಬಾತುಕೋಳಿ ತಿನ್ನುವುದನ್ನು ಬಿಟ್ಟು ಅಜ್ಜನ ಮುಖವನ್ನೇ ನೋಡಿದಳು.

ಪಾತ್ರೆ ತೊಳೆಯುವಾಗ ನಾನು ಕೇಳಿಯೇಬಿಟ್ಟೆ. “ಅಕ್ಕಾ, ಭಾವಂಗೆ ಮರೆವು ಜಾಸ್ತಿ ಆಗಿದೆ. ಡಾಕ್ಟರಿಗೆ ತೋರಿಸೋಣ್ವಾ?”

“ನಿನಗೆ ಮರೆವಿಲ್ವಾ? ಮೊನ್ನೆ ಉಪ್ಪು ಹಾಕಿರ್ಲಿಲ್ಲ.”

“ಉಪ್ಪು ಬೇರೆ, ಟೋಪಿ ಬೇರೆ.”

“ಬಾಯಿ ಮುಚ್ಕೊಂಡು ತಟ್ಟೆ ಒರಸು,” ಅಂದಳು.

ಹೊಸ ವರ್ಷ ಕಳೆದು, ಲಿಯೋನಿನ ವ್ಯಾಪಾರಿ ಪೆಲ್ತಿಯೆ ಬರುವ ಹೊತ್ತು ಹತ್ತಿರವಾಯಿತು. ಹಿಮದ ವರ್ಷದ ವೈನನ್ನು ಅವನು ಮುಂಗಡವಾಗಿ ಕೇಳಿಟ್ಟಿದ್ದ. ಏನು ಹೇಳುವುದು ಅಂತ ಮನೆಯಲ್ಲಿ ಅದೇ ಚಿಂತೆ. ಒಂದು ಮಧ್ಯಾಹ್ನ ಅಕ್ಕ ಒಲೆಯ ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ದೆಲ್ಫೀನ್ ಅಂಗಳದಲ್ಲಿ ಬಟ್ಟೆ ಹಾಕುತ್ತಿದ್ದವಳು ಓಡಿಬಂದಳು.

“ಚಿಕ್ಕತ್ತೆ, ಅಟ್ಟದ ಬಾಗಿಲು ತೆಗ್ದಿದೆ.”

ಅಕ್ಕನ ಜೇಬು ನೋಡಿದೆ. ಚಪ್ಪಟೆಯಾಗಿತ್ತು.

ದೆಲ್ಫೀನ್ ಕೊಟ್ಟಿಗೆ ಕಡೆಗೆ ಕೂಗಿದಳು. “ಸಿರಿಲ್! ಬಾ ಇಲ್ಲಿ, ಬೇಗ! ನಾನು ಒಬ್ಬಳೇ ಹತ್ತಲ್ಲ. ಹತ್ತಿದ್ರೆ ಅದಕ್ಕೂ ನಾನೇ ಅಂತೀರ.”

ಮಂಡಿ ನೋವಿದ್ದರೂ ಅವರ ಹಿಂದೆ ನಾನೂ ಹತ್ತಿದೆ. ಭಾವ ಎರಡನೇ ಸಾಲಿನ ಪೀಪಾಯಿಯ ಮೇಲೆ ಬಗ್ಗಿದ್ದರು. ಉದ್ದ ಮೂತಿಯ ತಗಡಿನ ಹೂಜಿಯಿಂದ, ಕೂಸಿಗೆ ಒಳಲೆಯಲ್ಲಿ ಹಾಲು ಹಾಕುವಷ್ಟು ಜೋಪಾನವಾಗಿ, ಒಂದು ತೊಟ್ಟೂ ಚೆಲ್ಲದೆ ಸುರಿಯುತ್ತಿದ್ದರು. ಮುಖದಲ್ಲಿ ಎಂಥ ನೆಮ್ಮದಿ!

“ಬಂದ್ಯಾ ಸಿರಿಲ್?” ಅಂದರು. “ನೋಡೋ, ಎಷ್ಟು ಇಳಿದುಹೋಗಿದಾವೆ ಇವು. ಈ ಮನೇಲಿ ನೋಡೋರು ಕೇಳೋರು ಯಾರೂ ಇಲ್ವಾ? ಎಲ್ಲ ನಾನೇ ಮಾಡ್ಬೇಕು.”

ಸಿರಿಲ್ ಮೆಲ್ಲಗೆ ಹೋಗಿ ಹೂಜಿ ತೆಗೆದುಕೊಂಡ. “ಸಾಕಪ್ಪಾ. ಮಿಕ್ಕಿದ್ದು ನಾನು ಮಾಡ್ತೀನಿ. ಕೆಳಗೆ ಹೋಗೋಣ, ಚಳಿ.”

“ಬಿರಡೆ ಗಟ್ಟಿ ಹಾಕು,” ಅಂದರು ಭಾವ. ದೆಲ್ಫೀನ್ ಅವರ ತೋಳು ಹಿಡಿದು ಮೆಟ್ಟಿಲು ಇಳಿಸಿದಳು. ಹೌದು, ಅವಳೇ ಇಳಿಸಿದಳು.

ಕೆಳಗೆ ಅಕ್ಕ ಎದ್ದು ನಿಂತಿದ್ದಳು. ನಮ್ಮ ನಾಲ್ವರನ್ನೂ, ಹೂಜಿಯನ್ನೂ ನೋಡಿದಳು. ಭಾವನನ್ನು ಒಳಗೆ ಕರೆದುಕೊಂಡು ಹೋಗಿ ಮಲಗಿಸಿ ಬಂದಳು.

“ನಿಮಗೆ ಗೊತ್ತಿತ್ತಾ ಅತ್ತೆ?” ಅಂದಳು ದೆಲ್ಫೀನ್.

“ಗೊತ್ತಿತ್ತು.”

“ಮೊದಲಿಂದ?”

“ಕೊಯ್ಲಿನ ಮುಂಚಿಂದ. ಅಂಗಿ ತೋಳೆಲ್ಲ ವೈನು ವಾಸನೆ. ಒಗೆಯೋಳು ನಾನಲ್ವಾ?”

“ಗೊತ್ತಿದ್ದೂ ನನ್ನ ಮೇಲೆ ಹಾಕಿದ್ರಿ.”

ಅಕ್ಕ ಅಳುತ್ತಾಳೆ, ಕೈ ಹಿಡಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಸೆಟೆದು ನಿಂತಳು. “ಅವರಿಗೆ ಆ ಹೆಸರೊಂದೇ ಇರೋದು. ಅದು ಹೋದ್ರೆ ಹೋಗೇಬಿಡ್ತಾರೆ. ನೀನು ಎಳೇ ಪ್ರಾಯದೋಳು, ತಡ್ಕೋತೀಯ. ನಿನ್ನ ಗಂಡನೂ ಒಂದಿನ ಮುದುಕ ಆಗ್ಲಿ, ಆಗ ನನ್ನ ಬಯ್ಯಿ.”

“ಥೂ!” ಅಂದೆ ನಾನು. “ನಾಚ್ಕೆ ಆಗ್ಬೇಕು ಅಕ್ಕ ನಿನಗೆ.”

“ನೀನು ಸುಮ್ನಿರು. ನಿನಗೆ ಗಂಡನೂ ಇಲ್ಲ, ಮಗನೂ ಇಲ್ಲ.”

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಇರಲಿ, ನನ್ನ ಕಥೆ ಅಲ್ಲ ಇದು.

ಸಿರಿಲ್ ಅಡುಗೆಮನೆಯ ಬೆಂಚಿನ ಮೇಲೆ ಕೂತು ಮಗುವಿನ ಹಾಗೆ ಅತ್ತ. ದೆಲ್ಫೀನ್ ಅವನ ತಲೆ ಸವರಿದಳು. ಎರಡು ತಿಂಗಳ ಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದು ಅವತ್ತೇ.

“‘ನಾನಲ್ಲ’ ಅಂತ ನೀನು ಹೇಳ್ತಾನೇ ಇದ್ದೆ. ನಾನು ಕೇಳಿಸ್ಕೊಳ್ಳೇ ಇಲ್ಲ,” ಅಂದ.

“ಆಯ್ತು ಬಿಡು. ಮಾವಂಗೆ ಹೇಳೋದು ಬೇಡ, ಅವರಿಗೆ ಗೊತ್ತಾದ್ರೆ ಸಹಿಸಲ್ಲ. ಆದ್ರೆ ಪೆಲ್ತಿಯೆ ಬಂದಾಗ ನನ್ನ ಮೇಲಿನ ಅಪವಾದ ತೆಗಿ. ಅವನಿಗೆ ಗೊತ್ತಾದ್ರೆ ಊರಿಗೂ ಗೊತ್ತಾಗತ್ತೆ. ನನಗೆ ಬೇರೇನೂ ಬೇಡ.”

“ತೆಗೀತೀನಿ. ಮಾರ್ಗೋ ಮೇಲಾಣೆ.”

ಅವತ್ತು ಅವಳು ಎರಡು ತಟ್ಟೆ ಸೂಪು ಕುಡಿದಳು. ನನಗೂ ಎಷ್ಟೋ ಹಗುರವಾಯಿತು.

ಆದರೆ ಅಕ್ಕ ಬಿಡುವವಳಲ್ಲ. ಪೆಲ್ತಿಯೆ ಬರುವ ಹಿಂದಿನ ದಿನ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ, ಬೂಟು ಕಳಚುತ್ತಿದ್ದ ಮಗನ ಹತ್ತಿರ ಶುರುಮಾಡಿದಳು. ನಾನು ಅಲ್ಲೇ ಇದ್ದೆ. ನನ್ನನ್ನು ಗೋಡೆ ಅಂದುಕೊಂಡಳೋ ಏನೋ.

“ನಾಳೆ ಏನು ಹೇಳ್ತೀಯ?”

“ಇದ್ದದ್ದು ಹೇಳ್ತೀನಿ.”

“ಹೇಳು. ಆಮೇಲೆ ಅವನು ಕೇಳ್ತಾನೆ, ‘ಮಿಕ್ಕಿದ ಪೀಪಾಯಿಗಳಿಗೆ ಮುದುಕ ಏನೇನು ಸುರಿದಿದಾನೆ’ ಅಂತ. ಹೋದ ವರ್ಷ ಕೊಟ್ಟಿದ್ದರಲ್ಲಿ ಏನಿತ್ತು ಅಂತಾನೆ. ನಿಮ್ಮಪ್ಪನ ಮೂಗಿಗೆ ದುಡ್ಡು ಕೊಡೋರು ಅವರು. ಆ ಮೂಗೇ ಹೋಯ್ತು ಅಂದ್ರೆ ಅಟ್ಟ ಪೂರ್ತಿ ವಿನೆಗರ್ ಲೆಕ್ಕ. ಸೊಸೆ ಒಂದ್ಸಲ ತಪ್ಪು ಮಾಡಿದ್ಲು ಅಂದ್ರೆ ಒಂದು ಸಾಲು ಹೋಯ್ತು, ಮುಗೀತು.”

“ಅಮ್ಮ, ನಾನು ಆಣೆ ಇಟ್ಟಿದೀನಿ.”

“ಇದೇ ತೋಟ ನಾಳೆ ಮಾರ್ಗೋದು. ಯೋಚ್ನೆ ಮಾಡು.”

“ಯಾರ ಮಗಳೋ ಆ ಮಾರ್ಗೋ? ದೆಲ್ಫೀನ್ ಮಗಳಲ್ವಾ?” ಅಂತ ನಾನು ಬಾಯಿ ಹಾಕಿದೆ. ಸಿರಿಲ್ ಒಂದೇ ಬೂಟಿನಲ್ಲಿ ತುಂಬಾ ಹೊತ್ತು ಕೂತಿದ್ದ.

ಮಾರನೆಯ ದಿನ ಪೆಲ್ತಿಯೆ ಬಂದ. ಹಳದಿ ವೈನು, ಗುಡ್ಡದ ಅಣಬೆ, ಕೆನೆ ಹಾಕಿ ಹುಂಜ ಬೇಯಿಸಿದ್ದೆ. ಅಂಥ ಅಡುಗೆ ನಾನು ಆಮೇಲೆ ಮಾಡಿಲ್ಲ. ಭಾವ ಕೋಟು ಹಾಕಿ ಮೇಜಿನ ತುದಿಯಲ್ಲಿ ಕೂತಿದ್ದರು, ಅಕ್ಕ ಪಕ್ಕದಲ್ಲಿ. ದೆಲ್ಫೀನ್ ನೀಲಿ ಉಡುಪು ತೊಟ್ಟು, ತಲೆ ಬಾಚಿ ಬಡಿಸುತ್ತಿದ್ದಳು. ಅವಳು ಸಿರಿಲ್‌ನ ಕಡೆ ನೋಡಿದಾಗಲೆಲ್ಲ ಅವನು ತಲೆ ಆಡಿಸುತ್ತಿದ್ದ. ಹೇಳ್ತೀನಿ ತಾಳು, ಅನ್ನೋ ಹಾಗೆ.

“ಹೂಂ,” ಅಂದ ಪೆಲ್ತಿಯೆ ಬಾಯಿ ಒರೆಸಿಕೊಂಡು. “ಊಟ ಭರ್ಜರಿ ಆಯ್ತು. ಈಗ ಕೆಟ್ಟ ಸುದ್ದಿ ಹೇಳಿ. ಹಿಮದ ವರ್ಷದ್ದು ಕೆಟ್ಟಿದೆ ಅಂತ ದಾರೀಲೇ ಕೇಳ್ದೆ. ಯಾರ ಕೈವಾಡ?”

ಸಿರಿಲ್ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅಕ್ಕ ನಕ್ಕಳು. “ಹೊರಗಿಂದ ಬಂದೋರು ಎಷ್ಟು ವರ್ಷ ಇದ್ರೂ ಅಷ್ಟೇ ಮೊಸ್ಯೂ ಪೆಲ್ತಿಯೆ. ಅಭ್ಯಾಸ ಬಲ.”

“ಸುಳ್ಳು!” ಅಂದೆ ನಾನು. ತಡೆಯಲಾಗಲಿಲ್ಲ. “ಆ ಹುಡುಗಿ ಮುಟ್ಟೇ ಇಲ್ಲ.”

“ನಮ್ಮ ಸೊಲಾಂಜ್‌ಗೆ ವಯಸ್ಸಾಯ್ತು,” ಅಂದಳು ಅಕ್ಕ ಅದೇ ನಗುವಲ್ಲಿ. “ಮೊನ್ನೆ ಉಪ್ಪು ಹಾಕೋದೇ ಮರೆತಿದ್ಲು. ಅವಳ ಮಾತು ಕೇಳ್ಬೇಡಿ.”

ಪೆಲ್ತಿಯೆ ನಮ್ಮಿಬ್ಬರ ಮುಖ ನೋಡಿ ಸಿರಿಲ್ ಕಡೆ ತಿರುಗಿದ. “ಮನೆ ಮಗ ನೀನು, ಹೇಳಪ್ಪ. ಯಾವುದು ನಿಜ?”

ಭಾವನೂ ಕೇಳಿದರು, “ಹೌದು, ಯಾರೋ ಮಾಡಿದ್ದು ಸಿರಿಲ್? ಕೊನೆಗೂ ಗೊತ್ತಾಯ್ತಾ?” ಅವರ ಕಣ್ಣು ತಿಳಿಯಾಗಿತ್ತು. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

ಸಿರಿಲ್ ಅಪ್ಪನನ್ನು ನೋಡಿದ. ತಟ್ಟೆ ನೋಡಿದ. ಹೆಂಡತಿಯನ್ನು ಮಾತ್ರ ನೋಡಲಿಲ್ಲ.

“ಅಮ್ಮ ಹೇಳಿದ್ದೇ ಸರಿ,” ಅಂದ.

ದೆಲ್ಫೀನ್ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಸದ್ದೇ ಆಗಲಿಲ್ಲ. ಪೆಲ್ತಿಯೆಗೆ ಇನ್ನೊಂದು ತುಂಡು ಬೇಕೇ ಅಂತ ಕೇಳಿದಳು. ಬೇಡ ಅಂದ. ಆಮೇಲೆ ಮಹಡಿಗೆ ಹೋದಳು. ಪೆಲ್ತಿಯೆ ಮಿಕ್ಕಿದ ಪೀಪಾಯಿಗಳನ್ನು ಹಳೇ ದರಕ್ಕೇ ಕೊಳ್ಳುತ್ತೇನೆಂದು ಮಾತು ಕೊಟ್ಟು, ಭಾವನ ಕೈ ಕುಲುಕಿ ಹೊರಡುವ ಹೊತ್ತಿಗೆ ಅವಳು ಕೋಟು ಹಾಕಿ ಕೆಳಗಿಳಿದು ಬಂದಿದ್ದಳು.

ಸಿರಿಲ್ ಅಂಗಳದವರೆಗೆ ಓಡಿದ. “ದೆಲ್ಫೀನ್, ಕೇಳು. ಇಲ್ದಿದ್ರೆ ಎಲ್ಲಾ ಹೋಗ್ತಿತ್ತು.”

“ಗೊತ್ತಿಲ್ದೆ ಅನುಮಾನ ಪಟ್ಟೆಯಲ್ಲ, ಅದನ್ನ ನುಂಗಿದ್ದೆ ಸಿರಿಲ್. ಗೊತ್ತಿದ್ದೂ ಹೇಳಿದೆಯಲ್ಲ, ಇದು ಗಂಟಲಲ್ಲಿ ಇಳಿಯಲ್ಲ.” ನನ್ನ ಕೈ ಹಿಡಿದು, “ನೀವು ಹೇಳಿದ್ರಿ ಚಿಕ್ಕತ್ತೆ, ಪುಣ್ಯ ಬರಲಿ. ಆದ್ರೆ ಹೇಳ್ಬೇಕಾದೋರು ನೀವಲ್ಲ,” ಅಂದು ಕಾರು ಹತ್ತಿದಳು.

ಮಾಕೋನಿನಲ್ಲಿ ಯಾರದೋ ವೈನು ಮನೆಯಲ್ಲಿ ಕೆಲಸಕ್ಕೆ ಸೇರಿದಳು ಅಂತ ಗೊತ್ತಾಯಿತು. ಮಾರ್ಗೋ ಶನಿವಾರ ಅಲ್ಲಿಗೇ ಹೋಗತೊಡಗಿದಳು. ಸಿರಿಲ್ ಕರೆಯಲು ಹೋಗಿ ಒಬ್ಬನೇ ವಾಪಸ್ಸು ಬಂದ. ಊಟಕ್ಕೆ ಕೂತು ತುತ್ತು ಇಳಿಯದೆ ನನಗೆ ಹೇಳಿದ: “ಬರ್ತಾಳಂತೆ ಚಿಕ್ಕಮ್ಮ. ಒಂದೇ ಮಾತು ಕೇಳ್ತಾಳೆ. ಊರೋರ ಮುಂದೆ ‘ನನ್ನ ಹೆಂಡತಿ ಮಾಡಿಲ್ಲ’ ಅನ್ಬೇಕಂತೆ. ಯಾರು ಮಾಡಿದ್ದು ಅಂತ ಹೇಳೋದೂ ಬೇಡ್ವಂತೆ.”

“ಅಷ್ಟೇ ತಾನೇ? ಎದ್ದು ಹೋಗೋ, ಈಗ್ಲೇ ಹೇಳಿ ಬಾ!”

“ಅವಳಲ್ಲ ಅಂದ್ರೆ ಮತ್ಯಾರು ಅಂತಾರೆ.”

“ಅನ್ನಲಿ!”

“ಅಪ್ಪ ಇರೋವರ್ಗೂ ಆಗಲ್ಲ ಚಿಕ್ಕಮ್ಮ. ಅವರು ಹೋದ್ಮೇಲೆ ಹೇಳ್ತೀನಿ. ದೇವರಾಣೆ.”

ನಾನು ಬೇಕರಿಯಲ್ಲಿ ಜಿನೆತ್‌ಗೆ ‘ದೆಲ್ಫೀನ್ ಮುಟ್ಟಿಲ್ಲ’ ಅಂತ ಹೇಳಿದೆ. ಅವಳು ಬ್ರೆಡ್ಡು ಸುತ್ತಿಕೊಡುತ್ತಾ, “ಅಕ್ಕನ ಮನೆ ಅನ್ನ ತಿಂದು ಅಕ್ಕನ ಮೇಲೇ ಹೇಳ್ತೀಯಲ್ಲ, ಇರಲಿ ಬಿಡು,” ಅಂದಳು. ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಒಂದೇ ಮೇಜಿನಲ್ಲಿ ಕೂತು ಉಪ್ಪಿನ ಡಬ್ಬಿಯನ್ನು ಸಿರಿಲ್‌ನಿಂದ ಕೇಳಿ ಪಡೆಯುತ್ತಿದ್ದಳು.

ಬಳ್ಳಿ ಚಿಗುರೋ ಹೊತ್ತಿಗೆ ಭಾವನ ಎದೆಗೆ ಕಫ ಕಟ್ಟಿತು. ಮಲಗಿದವರು ಏಳಲಿಲ್ಲ. ಮಲಗಿದ್ದಾಗ ದೆಲ್ಫೀನ್ ಎಲ್ಲಿ, ಸೂಪು ಅವಳೇ ತರಲಿ ಅಂತ ಎರಡು ಮೂರು ಸಲ ಕೇಳಿದರು. ಪೇಟೆಗೆ ಹೋಗಿದಾಳೆ ಅಂದೆವು.

ಸಾವಿಗೆ ದೆಲ್ಫೀನ್ ಬಂದಳು. ಬರುತ್ತಾಳೆ ಅಂತ ನನಗೆ ಗೊತ್ತಿತ್ತು. ಮಾರ್ಗೋಳ ಜೊತೆ ಕಪ್ಪು ಕೋಟಿನಲ್ಲಿ ಬಂದು ಶವಪೆಟ್ಟಿಗೆಯ ಮೇಲೆ ಕೈಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮಗನೂ ಅಷ್ಟು ಅಳಲಿಲ್ಲ. ಮಣ್ಣು ಹಾಕಿದ ಮೇಲೆ ಮನೆಯವರು ಸ್ಮಶಾನದ ಗೇಟಿನ ಹತ್ತಿರ ಸಾಲಾಗಿ ನಿಂತೆವು. ಅಕ್ಕ, ಸಿರಿಲ್, ಅವನ ಪಕ್ಕ ದೆಲ್ಫೀನ್, ಮಾರ್ಗೋ, ಕೊನೆಯಲ್ಲಿ ನಾನು. ಸಿರಿಲ್ ತಾನಾಗಿಯೇ ಅವಳನ್ನು ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದ. ಇವತ್ತು ಹೇಳುತ್ತಾನೆ, ಇನ್ನೇನು ತಡೆ ಅವನಿಗೆ, ಅಂದುಕೊಂಡೆ.

ಊರವರು ಒಬ್ಬೊಬ್ಬರಾಗಿ ಕೈ ಕುಲುಕುತ್ತಾ ಬಂದರು. ಜಿನೆತ್ ಬಂದಳು. ಅಕ್ಕನ ಕೆನ್ನೆಗೆ ಮುತ್ತಿಟ್ಟಳು. ಸಿರಿಲ್‌ನ ಕೈ ಹಿಡಿದಳು. ದೆಲ್ಫೀನ್‌ಳ ಮುಂದೆ ನಿಂತು, ಕೈ ಚಾಚದೆ, ಎಲ್ಲರಿಗೂ ಕೇಳುವ ಹಾಗೆ, “ಪಾಪ, ಆ ಪೀಪಾಯಿ ಕೊರಗಲ್ಲೇ ಹೋದ್ರು ಮಹಾನುಭಾವ,” ಅಂದಳು.

ದೆಲ್ಫೀನ್ ಗಂಡನ ಕಡೆ ತಿರುಗಿದಳು. ಸುಮ್ಮನೆ ನೋಡುತ್ತಾ ನಿಂತಳು. ಹಿಂದಿದ್ದವರೂ ನಿಂತರು.

ಸಿರಿಲ್ ಒಮ್ಮೆ ಹೊಸ ಮಣ್ಣಿನ ಕಡೆ ನೋಡಿದ. ಆಮೇಲೆ ಜಿನೆತ್‌ಗೆ ತಲೆಬಾಗಿ, “ಬಂದಿದ್ದಕ್ಕೆ ಉಪಕಾರ ಆಯ್ತು,” ಅಂದು ಮುಂದಿನವರಿಗೆ ಕೈ ಚಾಚಿದ.

ದೆಲ್ಫೀನ್ ಸಾಲಿನಿಂದ ಹೊರಗೆ ಬಂದಳು. ಮಾರ್ಗೋ ಕೂಡ ಬಂದಳು. ಅವರಿಬ್ಬರೂ ಗೇಟು ದಾಟಿ ಕಾರಿನವರೆಗೆ ಹೋಗುವಷ್ಟು ಹೊತ್ತೂ ಅವನು ಕೈ ಕುಲುಕುತ್ತಲೇ ಇದ್ದ.